ದಾರಿ ನಡೆದ ಸಂಸಾರ: ತಗಡೂರಿನ ನೆಲದಲ್ಲಿ ನಿಂತು ಒಂದು ತುಲನೆ

ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಪ್ರಯಾಣದ ವರ್ಣನೆಗೆ ಕೊರತೆಯಿಲ್ಲ. ದಂಡೆತ್ತಿ ಹೋಗುವ ಅರಸು, ತೀರ್ಥಕ್ಕೆ ಹೊರಟ ಮುನಿ, ನಲ್ಲೆಯನ್ನು ಅರಸಿ ಅಲೆಯುವ ನಾಯಕ, ಇವರೆಲ್ಲರೂ ದಾರಿಯಲ್ಲಿ ನಮಗೆ ಎದುರಾಗುತ್ತಾರೆ. ಆದರೆ ಗಂಡ, ಹೆಂಡತಿ, ಮಕ್ಕಳು, ಗಂಟುಮೂಟೆ ಸಹಿತವಾಗಿ ಒಂದು ಸಂಸಾರವೇ ಬೀದಿಗಿಳಿದು, ಬಹುದಿನ ನಡೆದು, ಮತ್ತೆ ತನ್ನ ಮನೆಯನ್ನು ಸೇರುವ ಕಥೆ ಅಪರೂಪವಾದುದು. ರಾಮನ ವನವಾಸವೂ ಪಾಂಡವರ ವನವಾಸವೂ ಕೂಡಲೆ ನೆನಪಿಗೆ ಬರುತ್ತವೆ. ಆದರೆ ರಾಮನು ಕಾಡಿಗೆ ಹೋಗುವಾಗ ಅವನಿಗೆ ಮಕ್ಕಳಿರಲಿಲ್ಲ. ಪಾಂಡವರ ಮಕ್ಕಳು ವನವಾಸದ ಕಾಲದಲ್ಲಿ ದ್ವಾರಕೆಯಲ್ಲಿ ಬೆಳೆದರು. ನಡೆಯಲಾರದ ಕೂಸನ್ನು ಕಟ್ಟಿಕೊಂಡು ನಡೆಯಬೇಕಾದ ತಂದೆತಾಯಿಗಳ ಕಷ್ಟ ಆ ಮಹಾಕಾವ್ಯಗಳ ಮುಖ್ಯ ವಿಷಯವಾಗಲಿಲ್ಲ.

ಈ ವಿಷಯವನ್ನು ಮುಖ್ಯವಾಗಿ ಹಿಡಿದ ಎರಡು ಕಾವ್ಯಮಾರ್ಗಗಳು ನಮ್ಮ ಗಡಿನಾಡಿನವರಿಗೆ ಬಹು ಸಮೀಪದಲ್ಲಿವೆ. ಒಂದು, ಹಳೆಯ ತಮಿಳಿನ ಆಟ್ರುಪ್ಪಡೈ ಎಂಬ ಹಾಡುಗಬ್ಬ; ಇನ್ನೊಂದು, ಕನ್ನಡದ ರಾಘವಾಂಕನ ಹರಿಶ್ಚಂದ್ರಕಾವ್ಯ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು, ದಾರಿ ನಡೆದ ಸಂಸಾರವು ಮನೆಗೆ ಏನನ್ನು ತರುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಕೇಳುವುದು ಈ ಲೇಖನದ ಉದ್ದೇಶ. ಇಂಥ ಕಾವ್ಯಕ್ಕೆ ಇದೇ ಒರೆಗಲ್ಲೆಂದು ನಾವು ಭಾವಿಸುತ್ತೇವೆ.

1. ನೆಲ

ಧರ್ಮಪುರಿಯ ಹಳೆಯ ಹೆಸರು ತಗಡೂರು. ಸೇಲಂ ಜಿಲ್ಲೆಯೊಳಗಿದ್ದ ಈ ಭಾಗವು 1965ರ ಅಕ್ಟೋಬರ್ 2ರಂದು ಬೇರೆ ಜಿಲ್ಲೆಯಾಯಿತು. 1997ರಲ್ಲಿ ಸೇಲಮಿನಿಂದ ನಾಮಕ್ಕಲ್, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದವು. ಆಡಳಿತದ ಗೆರೆಗಳು ಹೀಗೆ ಬದಲಾಗುತ್ತ ಬಂದರೂ ನೆಲದ ನೆನಪು ಒಂದೇ. ತಗಡೂರಿನ ಒಡೆಯನಾದ ಅದಿಯಮಾನ್ ನೆಡುಮಾನ್ ಅಂಜಿಯನ್ನು ಔವೈಯಾರ್ ಮೊದಲಾದ ಹಳೆಯ ತಮಿಳು ಕವಿಗಳು ಹಾಡಿದರು. ಅಶೋಕನ ಶಾಸನಗಳಲ್ಲಿ ಬರುವ ಸತಿಯಪುತ ಎಂಬ ಹೆಸರು ಯಾರದೆಂದು ಬಹುಕಾಲ ಚರ್ಚೆ ನಡೆದಿತ್ತು. 1981ರಲ್ಲಿ ಜಂಬೈ ಎಂಬಲ್ಲಿ ದೊರೆತ ತಮಿಳು ಬ್ರಾಹ್ಮೀ ಶಾಸನವು ನೆಡುಮಾನ್ ಅಂಜಿಯನ್ನೇ ಸತಿಯಪುತನೆಂದು ಕರೆದು ಆ ಚರ್ಚೆಗೆ ಒಂದು ನೆಲೆ ಕೊಟ್ಟಿತು. ಅದೇ ಧರ್ಮಪುರಿಯಲ್ಲಿ 9ನೆಯ ಶತಮಾನದ ನೊಳಂಬ ಮಹೇಂದ್ರನ ಕನ್ನಡ ಶಾಸನವೂ ದೊರೆತಿದೆ. ಒಂದೇ ಊರು ಎರಡು ಭಾಷೆಗಳಲ್ಲಿ ಮಾತನಾಡಿದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಆಟ್ರುಪ್ಪಡೈಗೂ ಈ ನೆಲಕ್ಕೂ ಇರುವ ನಂಟು ಚಿಕ್ಕದಲ್ಲ. ಸಿರುಪಾಣಾಟ್ರುಪ್ಪಡೈಯ ಕವಿಯು ಏಳು ಮಂದಿ ದಾನಿಗಳನ್ನು ಹೆಸರಿಸುತ್ತಾನೆ. ಅವರಲ್ಲಿ ಔವೈಯಾರಿಗೆ ನೆಲ್ಲಿಕಾಯಿಯನ್ನಿತ್ತ ಅದಿಗನು ತಗಡೂರಿನವನು. ಓರಿಯು ಹಳೆಯ ಸೇಲಂ ಜಿಲ್ಲೆಗೆ ಸೇರಿದ್ದ ಕೊಲ್ಲಿಮಲೆಯವನು. ಮಲೈಪಡುಕಡಾಂ ಎಂಬ ಇನ್ನೊಂದು ಕಾವ್ಯದ ನನ್ನನ್ ಎಂಬ ಅರಸನ ಚೆಂಗಂ ನಮ್ಮ ಪಕ್ಕದ ತಿರುವಣ್ಣಾಮಲೈ ಜಿಲ್ಲೆಯಲ್ಲಿದೆ. ಆ ಕಾವ್ಯದ ಕಲಾವಿದರು ಹತ್ತಿ ಇಳಿಯುವ ಗುಡ್ಡಗಳ ಸಾಲನ್ನು ನಮ್ಮ ಪೂರ್ವದ ಗಡಿಯಲ್ಲಿ ನಿಂತವರು ಕಣ್ಣಿನಿಂದ ಕಾಣಬಲ್ಲರು.

2. ಆಟ್ರುಪ್ಪಡೈ: ಮರಳುವವನು ಹೇಳಿದ ದಾರಿ

ತಮಿಳಿನಲ್ಲಿ ಆಱು ಎಂದರೆ ದಾರಿ. ಆಟ್ರುಪ್ಪಡೈ ಎಂಬುದನ್ನು ಕನ್ನಡದಲ್ಲಿ ಹೇಳಬೇಕಾದರೆ ‘ದಾರಿಗೆ ಹಚ್ಚುವುದು’ ಎಂಬ ನಮ್ಮ ಮನೆಮಾತೇ ಸಾಕು. ಪತ್ತುಪ್ಪಾಟ್ಟು ಎಂಬ ಹತ್ತು ನೀಳ್ಗಬ್ಬಗಳ ಸಂಕಲನವನ್ನು ಉ. ವೇ. ಸ್ವಾಮಿನಾಥ ಅಯ್ಯರ್ ಅವರು 1889ರಲ್ಲಿ ಅಚ್ಚಿಗೆ ತಂದರು. ಅದರ ಹತ್ತರಲ್ಲಿ ಐದು ಈ ಜಾತಿಯವು. ಒಂದು ಭಕ್ತನನ್ನು ಮುರುಗನ ಕಡೆಗೆ ಹಚ್ಚುತ್ತದೆ. ಉಳಿದ ನಾಲ್ಕರ ಚೌಕಟ್ಟು ಒಂದೇ: ದಾನಿಯೊಬ್ಬನಿಂದ ಸತ್ಕಾರ ಪಡೆದು ಸಂಸಾರದೊಡನೆ ಊರಿಗೆ ಮರಳುತ್ತಿರುವ ಹಾಡುಗಾರನೋ ಕೂತ್ತಿನವನೋ ದಾರಿಯಲ್ಲಿ ತನ್ನಂತೆಯೇ ಇರುವ ಇನ್ನೊಂದು ಬಡ ಸಂಸಾರವನ್ನು ಕಾಣುತ್ತಾನೆ, ನಿಲ್ಲಿಸಿ, ನೀವೂ ಅಲ್ಲಿಗೆ ಹೋಗಿರೆಂದು ದಾರಿಯ ವಿವರವನ್ನೆಲ್ಲ ಹೇಳುತ್ತಾನೆ.

ಇಲ್ಲಿ ಗಮನಿಸಬೇಕಾದ ಒಂದು ವಿಶೇಷವಿದೆ. ಸಾಮಾನ್ಯವಾಗಿ ಕಥೆಯ ಕೊನೆಯಲ್ಲಿ ಬರಬೇಕಾದ ಮರಳಿಕೆ ಇಲ್ಲಿ ಆರಂಭದಲ್ಲಿಯೇ ಇದೆ. ಹೇಳುವವನು ಆಗಲೇ ಮನೆಯ ಕಡೆಗೆ ಮುಖ ಮಾಡಿದ್ದಾನೆ. ಹೊಟ್ಟೆ ತುಂಬಿದವನು ಹಸಿದವನಿಗೆ ಹೇಳುವ ಮಾತಾದರೂ ಅದರಲ್ಲಿ ಹಮ್ಮು ಕಾಣುವುದಿಲ್ಲ, ಏಕೆಂದರೆ ನಿನ್ನೆ ತಾನೂ ಹಾಗೆಯೇ ಇದ್ದನು. ಸಿರುಪಾಣಾಟ್ರುಪ್ಪಡೈಯಲ್ಲಿ ಈ ‘ನಿನ್ನೆ’ಯ ಚಿತ್ರವು ಮರೆಯಲಾಗದಂತೆ ಮೂಡಿದೆ. ಕುಸಿದ ಗೋಡೆಯ ಅಡುಗೆಮನೆ. ಒಲೆಯ ಬಳಿ ಈದ ನಾಯಿ, ಕಣ್ಣು ತೆರೆಯದ ಅದರ ಮರಿಗಳು. ಬಡಕಲಾದ ಹೆಂಡತಿ ಉಗುರಿನಿಂದ ಚಿವುಟಿ ತಂದ ಕಾಡುಸೊಪ್ಪನ್ನು ಉಪ್ಪಿಲ್ಲದೆ ಬೇಯಿಸುತ್ತಾಳೆ. ನೆರೆಯವರು ನೋಡಿಯಾರೆಂಬ ನಾಚಿಕೆಯಿಂದ ಬಾಗಿಲು ಮುಚ್ಚಿ, ಇದ್ದುದನ್ನು ಬಂಧುಗಳೆಲ್ಲರೊಡನೆ ಹಂಚಿಕೊಂಡು ಉಣ್ಣುತ್ತಾಳೆ. ಬಡತನವನ್ನು ವರ್ಣಿಸಿದ ಕವಿಗಳು ಅನೇಕರು. ಬಾಗಿಲು ಮುಚ್ಚಿದ ಆ ಕೈಯನ್ನು ಕಂಡ ಕವಿ ವಿರಳ. ಆ ಸಂಸಾರಕ್ಕೆ ಮಾನ ಉಳಿದಿದೆ. ಮಾನವಿರುವುದರಿಂದಲೇ ಹಸಿವು ಅಷ್ಟು ನೋಯುತ್ತದೆ.

ಮನೆಯ ಚಿತ್ರ ಹೀಗಾದರೆ ದಾರಿಯ ಚಿತ್ರಕ್ಕೆ 583 ಸಾಲುಗಳ ಮಲೈಪಡುಕಡಾಂ ಉತ್ತಮ ನಿದರ್ಶನ. ವಾದ್ಯಗಳ ಗಂಟುಗಳನ್ನು ಹೊತ್ತ ಕೂತ್ತರ ತಂಡ ಬೆಟ್ಟದ ದಾರಿಯಲ್ಲಿ ಹೋಗುತ್ತದೆ. ಹೆಂಗಸರ ಕಾಲು ಕಲ್ಲುತಾಗಿ ನೊಂದು, ಏದುವ ನಾಯಿಯ ನಾಲಗೆಯಂತಾಗಿದೆ. ಮರಳುವವನು ಅವರಿಗೆ ಕೊಡುವ ಸೂಚನೆಗಳು ಅನುಭವಸ್ಥ ದಾರಿಗನ ಸೂಚನೆಗಳು: ಹಂದಿಗೆ ಒಡ್ಡಿದ ಬೋನುಗಳಿರುವ ಕಡೆ ಕತ್ತಲಲ್ಲಿ ನಡೆಯಬೇಡಿ, ಹಾವಿರುವ ಬಿಲಗಳನ್ನು ನೋಡಿಕೊಳ್ಳಿ, ಹೊಲ ಕಾಯುವವರು ಆನೆಗೆಂದು ಕವಣೆ ಬೀಸುತ್ತಾರೆ, ಕಲ್ಲಿಗೆ ಸಿಕ್ಕೀರಿ, ಮರದ ಮರೆಯಲ್ಲಿ ಸಾಗಿರಿ, ಜಾರುವ ಬಂಡೆಯಲ್ಲಿ ಬಳ್ಳಿ ಹಿಡಿಯಿರಿ. ಎಲ್ಲಿ ಯಾರು ನವಣೆಯ ಅನ್ನ ಇಕ್ಕುವರು, ಎಲ್ಲಿ ತಂಗಬಹುದು ಎಂಬುದನ್ನೂ ಅವನು ಬಿಡದೆ ಹೇಳುತ್ತಾನೆ. ದಾರಿಬದಿಯಲ್ಲಿ ಹೆಸರು ಕೆತ್ತಿದ ವೀರಗಲ್ಲುಗಳುಂಟು. ಅಲ್ಲಿ ವಾದ್ಯ ನುಡಿಸಿ ಮುಂದೆ ಹೋಗಿರೆನ್ನುತ್ತಾನೆ. ಹೊಲದ ಬದುವಿನಲ್ಲಿ, ಊರ ಮುಂದೆ ವೀರಗಲ್ಲುಗಳನ್ನು ನೋಡುತ್ತ ಬೆಳೆದ ನಮ್ಮ ಕಡೆಯವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸೂಚನೆಗಳಲ್ಲೆಲ್ಲ ಒಂದು ನಮ್ಮ ವಿಚಾರಕ್ಕೆ ಕೀಲಿಯಂತಿದೆ. ದಾರಿಗಳು ಕೂಡುವ ಕಡೆ ನೆಲವನ್ನು ಒರಸಿ, ಹುಲ್ಲನ್ನು ಗಂಟು ಕಟ್ಟಿ ಗುರುತಿಡಿರಿ. ನಿಮ್ಮ ಹಿಂದೆ ಬರುವ ಹೊಸಬರು ದಾರಿ ತಪ್ಪದಿರಲಿ, ಎನ್ನುತ್ತಾನೆ ಅವನು. ದಾರಿ ಕೇಳಿದ ಸಂಸಾರವೇ ದಾರಿ ತೋರುವ ಸಂಸಾರವೂ ಆಗಬೇಕು. ಹಸಿದವರು, ಕಾಲು ನೊಂದವರು, ಮಕ್ಕಳನ್ನು ಕಟ್ಟಿಕೊಂಡವರು ಎಂಬ ನೆಪಕ್ಕೆ ಇಲ್ಲಿ ರಿಯಾಯಿತಿಯಿಲ್ಲ.

ಬೀಳ್ಕೊಡುಗೆಯ ಸಂದರ್ಭಗಳೂ ಗಮನಾರ್ಹವಾಗಿವೆ. ಪೊರುನರಾಟ್ರುಪ್ಪಡೈಯಲ್ಲಿ ಚೋಳ ಕರಿಕಾಲನು ಹೊರಟು ನಿಂತ ಹಾಡುಗಾರನ ಹಿಂದೆ ಏಳು ಹೆಜ್ಜೆ ನಡೆದು ಕಳುಹಿಸುತ್ತಾನೆ. ಮಲೈಪಡುಕಡಾಂನಲ್ಲಿ ಅತಿಥಿಗಳು ಎಷ್ಟೇ ಸುಖದಲ್ಲಿದ್ದರೂ ತಮ್ಮ ಹಳೆಯ ಊರಿಗೆ ಮರಳುವ ಮಾತೆತ್ತುತ್ತಾರೆ. ದಾನಿಯ ಅರಮನೆ ಎಷ್ಟು ದೊಡ್ಡದಾದರೂ ಅದು ದಾರಿಯ ಒಂದು ತಂಗುದಾಣ. ಮನೆ ಬೇರೆಯೇ ಇದೆ.

ಮನೆ ಸೇರಿದ ಮೇಲೆ ಏನಾಯಿತು? ಆಟ್ರುಪ್ಪಡೈಗಳು ಅಲ್ಲಿಯವರೆಗೆ ಹೋಗುವುದಿಲ್ಲ. ಆದರೆ ಪುಱನಾನೂಱಿನ 163ನೆಯ ಪದ್ಯ ಆ ಕೊರತೆಯನ್ನು ತುಂಬುತ್ತದೆ. ಕುಮಣನೆಂಬ ದಾನಿಯಿಂದ ಸಿರಿ ಪಡೆದು ಮನೆಗೆ ಬಂದ ಪೆರುಂಜಿತ್ತಿರನಾರ್ ತನ್ನ ಹೆಂಡತಿಗೆ ಹೇಳುವ ಮಾತು ಅದು. ನಿನ್ನನ್ನು ಪ್ರೀತಿಸುವವರಿಗೆ, ನೀನು ಪ್ರೀತಿಸುವವರಿಗೆ, ನಂಟರಿಗೆ, ನಮ್ಮ ಹಸಿವಿನ ದಿನಗಳಲ್ಲಿ ಕಡ ಕೊಟ್ಟವರಿಗೆ, ಯಾರಿಗೆಂದು ನೋಡದೆ, ನನ್ನನ್ನೂ ಕೇಳದೆ, ಕೂಡಿಡೋಣವೆಂದೂ ಎಣಿಸದೆ, ನೀನೂ ಕೊಡು, ನಾನೂ ಕೊಡುತ್ತೇನೆ, ಎಂಬುದು ಅದರ ತಾತ್ಪರ್ಯ. ಇದೇ ಕವಿ ತಗಡೂರಿನ ಅದಿಯಮಾನನು ತನ್ನನ್ನು ಕಾಣದೆಯೇ ಕಳುಹಿಸಿದ ಕೊಡುಗೆಯನ್ನು, ತಾನು ವ್ಯಾಪಾರದ ಹಾಡುಗಾರನಲ್ಲವೆಂದು ನಿರಾಕರಿಸಿದವನು. 208ನೆಯ ಪದ್ಯ ಅದನ್ನು ಹೇಳುತ್ತದೆ. ಈ ಎರಡು ಪದ್ಯಗಳನ್ನು ಕೂಡಿಸಿ ಓದಿದರೆ ಹಾಡುಗಾರನ ಸಂಸಾರ ಭಿಕ್ಷುಕರ ಸಂಸಾರವಲ್ಲವೆಂದು ತಿಳಿಯುತ್ತದೆ. ಮುಖ ನೋಡಿ ಕೊಟ್ಟುದನ್ನು ಪಡೆಯುತ್ತದೆ, ಪಡೆದುದನ್ನು ಕೈದಾಟಿಸುತ್ತದೆ.

3. ಹರಿಶ್ಚಂದ್ರಕಾವ್ಯ: ಕೊಟ್ಟವನು ನಡೆದ ದಾರಿ

ಪಡೆಯಲು ಹೊರಟ ಸಂಸಾರದ ಕಥೆಯಿಂದ ಎಲ್ಲವನ್ನೂ ಕೊಟ್ಟು ಹೊರಟ ಸಂಸಾರದ ಕಥೆಗೆ ಬರೋಣ. ಹರಿಶ್ಚಂದ್ರನ ಹೆಸರು ಈ ಜಿಲ್ಲೆಗಳ ಜನಕ್ಕೆ ಪುಸ್ತಕದಿಂದ ಬಂದುದಲ್ಲ. ತೆರುಕ್ಕೂತ್ತಿನ ಇರುಳಿನಾಟದಿಂದಲೂ, ಹರಿಕಥೆಯಿಂದಲೂ, ತಮಿಳುನಾಡಿನ ಅನೇಕ ಸುಡುಗಾಡುಗಳ ಬಾಯಲ್ಲಿ ನಿಂತಿರುವ ಹರಿಶ್ಚಂದ್ರನ ಕಲ್ಲಿನಿಂದಲೂ ಬಂದುದು. ಹೆಣ ಹೊತ್ತವರು ಅಲ್ಲಿ ನಿಂತು ಮುಂದೆ ಹೋಗುತ್ತಾರೆ. ಕಾಶಿಯ ಶ್ಮಶಾನ ಕಾಯ್ದವನು ನಮ್ಮ ಊರೂರಿನ ಶ್ಮಶಾನದ ಕಾವಲುಗಾರನಾಗಿದ್ದಾನೆ.

ಈ ಕಥೆಯ ಪೂರ್ವರೂಪಗಳನ್ನು ನೋಡಿದರೆ ರಾಘವಾಂಕನ ಕೆಲಸ ಏನೆಂಬುದು ಸ್ಪಷ್ಟವಾಗುತ್ತದೆ. ಐತರೇಯ ಬ್ರಾಹ್ಮಣದ ಶುನಃಶೇಪಾಖ್ಯಾನದಲ್ಲಿ ದಾರಿ ನಡೆಯುವವನು ಮಗನಾದ ರೋಹಿತನೊಬ್ಬನೇ. ತಂದೆ ತನ್ನನ್ನು ವರುಣನಿಗೆ ಬಲಿ ಕೊಡಬೇಕಾಗಿದೆಯೆಂದು ತಿಳಿದು ಬಿಲ್ಲು ಹಿಡಿದು ಕಾಡಿಗೆ ಹೋಗುತ್ತಾನೆ. ವರ್ಷಕ್ಕೊಮ್ಮೆ ಊರಿನ ಕಡೆಗೆ ತಿರುಗಿದಾಗಲೆಲ್ಲ ಇಂದ್ರನು ವೇಷ ಮರೆಸಿ ಬಂದು, ಇನ್ನೂ ಸಂಚರಿಸು ಎಂದು ಹಿಂದಕ್ಕೆ ಕಳುಹಿಸುತ್ತಾನೆ. ಅಲ್ಲಿ ಮನೆಯೇ ಅಪಾಯ, ದಾರಿಯೇ ಆಶ್ರಯ. ಮಾರ್ಕಂಡೇಯ ಪುರಾಣದಲ್ಲಿ ಗಂಡ, ಹೆಂಡತಿ, ಮಗ ಮೂವರೂ ದಾರಿಗಿಳಿಯುತ್ತಾರೆ. ಆದರೆ ಕಥೆಯ ಕೊನೆಯ ನೋಟ ಸ್ವರ್ಗದ ಕಡೆಗೆ. ಪ್ರಜೆಗಳನ್ನು ಬಿಟ್ಟು ತಾನೊಬ್ಬನೇ ಸ್ವರ್ಗಕ್ಕೆ ಬರಲಾರೆನೆಂದು ಹರಿಶ್ಚಂದ್ರನು ಹೇಳಿ ಅಯೋಧ್ಯೆಯ ಜನರೊಡನೆ ಮೇಲೇರುತ್ತಾನೆ.

12-13ನೆಯ ಶತಮಾನಗಳ ಸಂಧಿಯಲ್ಲಿದ್ದ, ಹಂಪೆಯ ಹರಿಹರನ ಸೋದರಳಿಯನಾದ ರಾಘವಾಂಕನು ಈ ಕಥೆಯನ್ನು ವಾರ್ಧಕ ಷಟ್ಪದಿಯಲ್ಲಿ ಹೇಳಿದನು. ಪುರಾಣಕಥೆಗೆ ಅವನು ಕೊಟ್ಟ ಬಲವೆಲ್ಲ ಅಯೋಧ್ಯೆಗೂ ಕಾಶಿಗೂ ನಡುವಣ ದಾರಿಯಲ್ಲಿದೆ. ಊರು ಬಿಡುವಾಗಿನ ಪ್ರಜೆಗಳ ಗೋಳು, ದಾರಿಯ ಬಿಸಿಲು, ಕಾಡಿನ ಭಯ, ಎಲ್ಲಕ್ಕೂ ಮಿಗಿಲಾಗಿ ನಕ್ಷತ್ರಕ. ವಿಶ್ವಾಮಿತ್ರನ ಸಾಲವಸೂಲಿಗೆಂದು ಜೊತೆಗೆ ಬರುವ ಈ ಪಾತ್ರ ಕನ್ನಡ ಕಾವ್ಯದಲ್ಲಿ ಅನನ್ಯವಾದುದು. ಅವನು ನಡೆಯಲಾರೆನೆಂದು ಕೂರುತ್ತಾನೆ, ಹಸಿವೆನ್ನುತ್ತಾನೆ, ಬಾಯಾರಿಕೆಯೆನ್ನುತ್ತಾನೆ, ತಾನೇ ತಡಮಾಡಿ ಗಡುವು ಮೀರಿತೆಂದು ಗದರುತ್ತಾನೆ. ಕಾಡಿಸುವವನಿಗೆ ‘ನಕ್ಷತ್ರಿಕ’ ಎಂಬ ಹೆಸರು ನಮ್ಮ ಬಳಕೆಮಾತಿನಲ್ಲಿ ನಿಂತುಹೋಗಿದೆಯೆಂದರೆ ಕವಿಯ ಗೆಲುವು ಎಷ್ಟೆಂಬುದನ್ನು ಊಹಿಸಬಹುದು. ಆಟ್ರುಪ್ಪಡೈಯ ದಾರಿಯಲ್ಲಿ ಎದುರಾಗುವವನು ದಾರಿ ತೋರುತ್ತಾನೆ. ಹರಿಶ್ಚಂದ್ರನ ದಾರಿಯಲ್ಲಿ ಜೊತೆಯಲ್ಲಿರುವವನೇ ದಾರಿ ಕೆಡಿಸುತ್ತಾನೆ. ಒಂದು ಸಂಸಾರಕ್ಕೆ ಪ್ರತಿ ಹೆಜ್ಜೆಯಲ್ಲಿ ನಂಟರು ಹೆಚ್ಚುತ್ತಾರೆ, ಇನ್ನೊಂದಕ್ಕೆ ಪ್ರತಿ ಹೆಜ್ಜೆಯಲ್ಲಿ ಕಡಮೆಯಾಗುತ್ತಾರೆ.

ಕಡೆಗೆ ಕಾಶಿಯಲ್ಲಿ ಸಂಸಾರವೇ ಒಡೆಯುತ್ತದೆ. ಹೆಂಡತಿ ಮಗ ಒಬ್ಬನಿಗೆ, ತಾನು ವೀರಬಾಹುಕನೆಂಬ ಇನ್ನೊಬ್ಬನಿಗೆ. ಅನಾಮಿಕ ಹೆಣ್ಣುಗಳನ್ನು ಕುಲದ ನೆಪದಿಂದ ಮದುವೆಯಾಗಲೊಲ್ಲದೆ ರಾಜ್ಯವನ್ನೇ ಬಿಟ್ಟವನು, ಯಾರನ್ನು ಮುಟ್ಟಲಾರೆನೆಂದಿದ್ದನೋ ಅವರದೇ ಕುಲದವನ ಆಳಾಗಿ ಅನ್ನ ಉಣ್ಣಬೇಕಾಯಿತು. ಕವಿಯು ಇದನ್ನು ವಿಧಿಯ ಆಟವೆಂದು ಹೇಳುತ್ತಾನೆಯೇ ಹೊರತು ಮೊದಲಿನ ನಿರಾಕರಣೆಯನ್ನು ತಪ್ಪೆಂದು ಎಲ್ಲಿಯೂ ಹೇಳಿಸುವುದಿಲ್ಲ. ಇಂದಿನ ಓದುಗನು ಅದನ್ನು ಕೇಳದೆ ಮುಂದೆ ಹೋಗಲಾರನು, ಹೋಗಬಾರದು ಕೂಡ.

ದರ್ಭೆ ಸಮಿತ್ತುಗಳಿಗೆ ಹೋದ ಲೋಹಿತಾಶ್ವ ಹಾವು ಕಚ್ಚಿ ಸಾಯುತ್ತಾನೆ. ಒಡೆಯನ ಮನೆಯ ಕೆಲಸ ಮುಗಿಸಿದ ಮೇಲೆಯೇ ಚಂದ್ರಮತಿಗೆ ಮಗನನ್ನು ಹುಡುಕಲು ಬಿಡುವು. ಕತ್ತಲಲ್ಲಿ ಹೆಣ ಹೊತ್ತು ಬಂದ ಅವಳನ್ನು ಶ್ಮಶಾನದ ತೆರೆ ಕೇಳಿ ತಡೆಯುವವನು ಅವಳ ಗಂಡನೇ. ಮೂವರೂ ಒಂದೇ ಕಡೆ ಸೇರಿದ್ದಾರೆ. ಆದರೆ ಒಬ್ಬ ಕಾವಲುಗಾರ, ಒಬ್ಬಳು ಕಾಸಿಲ್ಲದ ದಾಸಿ, ಒಂದು ಹೆಣ. ದಾರಿ ನಡೆದ ಸಂಸಾರ ಮತ್ತೆ ಕೂಡಿದ ಸ್ಥಳ ಮನೆಯಲ್ಲ, ಸುಡುಗಾಡು. ರಾಘವಾಂಕನ ಪ್ರತಿಭೆಯ ಶಿಖರ ಇದೇ ಎಂಬುದರಲ್ಲಿ ವಿಮರ್ಶಕರಿಗೆ ಭಿನ್ನಾಭಿಪ್ರಾಯವಿಲ್ಲ.

ಆಮೇಲಿನದು ವೇಗವಾಗಿ ಮುಗಿಯುತ್ತದೆ. ಚಂದ್ರಮತಿಯ ಮೇಲೆ ರಾಜಪುತ್ರನ ಕೊಲೆಯ ಅಪವಾದ, ಗಂಡನೇ ಕತ್ತಿಯೆತ್ತಬೇಕಾದ ಗಳಿಗೆ, ಶಿವನ ಸಾಕ್ಷಾತ್ಕಾರ, ಮಗ ಬದುಕುತ್ತಾನೆ, ರಾಜ್ಯ ಮರಳುತ್ತದೆ, ಎಲ್ಲರೂ ಅಯೋಧ್ಯೆಗೆ ಬರುತ್ತಾರೆ. ಹೋಗುವ ದಾರಿಗೆ ಕವಿ ಕೊಟ್ಟ ಪದ್ಯಗಳಿಗೂ ಬರುವ ದಾರಿಗೆ ಕೊಟ್ಟ ಪದ್ಯಗಳಿಗೂ ಹೋಲಿಕೆಯೇ ಇಲ್ಲ. ಬರುವಾಗ ಆ ಬಿಸಿಲಿಲ್ಲ, ಆ ಕಾಡಿಲ್ಲ, ಆ ನೊಂದ ಕಾಲುಗಳಿಲ್ಲ. ಸತ್ತು ಬದುಕಿದ ಮಗುವಿಗೆ ಅಯೋಧ್ಯೆ ಹೇಗೆ ಕಂಡಿತು? ತನ್ನ ಮೇಲೆ ಕತ್ತಿಯೆತ್ತಿದ ಗಂಡನೊಡನೆ ಚಂದ್ರಮತಿ ಮತ್ತೆ ಹೇಗೆ ಸಂಸಾರ ಮಾಡಿದಳು? ಮಾರಿಸಿಕೊಂಡ ಅನುಭವವುಳ್ಳ ಅರಸು ತನ್ನ ನಾಡಿನ ಆಳುಕಾಳುಗಳನ್ನು ಹೊಸ ಕಣ್ಣಿನಿಂದ ನೋಡಿದನೇ? ಸತ್ಯದ ಪರೀಕ್ಷೆ ಮುಗಿದ ಕೂಡಲೆ ಕಾವ್ಯವೂ ಮುಗಿಯಿತೆಂದು ಕವಿ ಬಗೆದಂತಿದೆ. ಸ್ವರ್ಗಕ್ಕೆ ಏರಿಸುವುದರ ಬದಲು ಮನೆಗೆ ಮರಳಿಸಿದ ಅವನು ಆ ಮರಳಿಕೆಯನ್ನು ಪೂರ್ತಿಯಾಗಿ ಬಳಸಿಕೊಳ್ಳಲಿಲ್ಲವೆಂಬುದು ನಮ್ಮ ಆಕ್ಷೇಪ.

4. ತುಲನೆಯ ಫಲ

ಇಂಥ ತುಲನೆಗೆ ಕೆಲವರು ಒಪ್ಪಲಿಕ್ಕಿಲ್ಲ. ಎರಡರ ನಡುವೆ ಸುಮಾರು ಒಂದು ಸಾವಿರ ವರ್ಷಗಳ ಅಂತರವಿದೆ; ಒಂದು ಅರಸನ ಹೊಗಳಿಕೆಗೆ ಹೊರಟ ಹಾಡು, ಇನ್ನೊಂದು ಶಿವಭಕ್ತ ಕವಿಯ ಕಥನಕಾವ್ಯ; ಅವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಒಂದು ಮೇಲು, ಇನ್ನೊಂದು ಕೀಳು ಎಂದು ತೀರ್ಪು ಕೊಡುವುದು ನಮ್ಮ ಉದ್ದೇಶವಾಗಿದ್ದರೆ ಈ ತುಲನೆ ನಿಲ್ಲದು. ಒಂದರ ಬೆಳಕಿನಲ್ಲಿ ಇನ್ನೊಂದರ ಕತ್ತಲನ್ನು ನೋಡುವುದಕ್ಕೆ ಮಾತ್ರ ನಾವು ಇದನ್ನು ಬಳಸಿದ್ದೇವೆ.

ಕತ್ತಲು ತಮಿಳಿನ ಕಡೆಯೂ ಇದೆ. ಆಟ್ರುಪ್ಪಡೈಯ ಹೆಣ್ಣು, ವಿಱಲಿ, ಮಾತನಾಡುವುದಿಲ್ಲ. ಅವಳ ಕೂದಲಿನಿಂದ ಕಾಲಿನವರೆಗೆ ಸಂಪ್ರದಾಯದಂತೆ ವರ್ಣನೆ ನಡೆಯುತ್ತದೆ; ದಾರಿಯ ಬಗ್ಗೆ ಅವಳ ಅಭಿಪ್ರಾಯವೇನೆಂದು ಯಾರೂ ಕೇಳುವುದಿಲ್ಲ. ದಾನಿಯೆಲ್ಲರೂ ಒಳ್ಳೆಯವರೇ, ಬರಿಗೈಯಲ್ಲಿ ಮರಳಿದ ಸಂಸಾರದ ಆಟ್ರುಪ್ಪಡೈ ಇಲ್ಲ. ಈ ಕೊರತೆಯನ್ನು ಚಂದ್ರಮತಿಯ ಪ್ರಲಾಪ ತುಂಬುತ್ತದೆ. ಕನ್ನಡದ ಹೆಣ್ಣು ದಾರಿಯಲ್ಲಿ ಮಾತನಾಡಿದಳು, ಅತ್ತಳು, ಗಂಡನಿಗೆ ಧೈರ್ಯ ಹೇಳಿದಳು. ಅತ್ತ ರಾಘವಾಂಕನಲ್ಲಿ ನಾವು ಕಾಣದ ಮರಳಿಕೆಯ ಅರ್ಥವನ್ನು ಹುಲ್ಲಿನ ಗಂಟು ಕಟ್ಟಿದ ಕೂತ್ತರೂ, ಹೆಂಡತಿಗೆ ‘ಕೊಡು’ ಎಂದ ಕವಿಯೂ ತುಂಬುತ್ತಾರೆ. ಮನೆ ಸೇರಿದ ಮಾತ್ರಕ್ಕೆ ಮರಳಿಕೆ ಪೂರ್ತಿಯಾಗದು. ದಾರಿಯಲ್ಲಿ ಕಲಿತುದನ್ನು ಹಿಂದೆ ಬರುವವರಿಗೆ ಒಪ್ಪಿಸಿದಾಗ ಪೂರ್ತಿಯಾಗುತ್ತದೆ.

ಇದು ಉಪಾಧ್ಯಾಯರಾದ ನಮಗೆ ಬರಿಯ ಸಾಹಿತ್ಯಚರ್ಚೆಯಲ್ಲ. ಹರಿಶ್ಚಂದ್ರನ ಕಥೆಯನ್ನು ನಾವು ಲೋಹಿತಾಶ್ವನ ವಯಸ್ಸಿನ ಮಕ್ಕಳಿಗೆ ಹೇಳುತ್ತೇವೆ. ‘ಸತ್ಯವೇ ಗೆಲ್ಲುತ್ತದೆ’ ಎಂಬ ನೀತಿಯೊಂದನ್ನೇ ಬರೆಸಿ ಪಾಠ ಮುಗಿಸಿದರೆ, ಮಾರಾಟವಾದ ಹುಡುಗನ ಪಾಲು ಏನೆಂಬ ಪ್ರಶ್ನೆ ಕೇಳುವ ಮಗುವಿನ ಬಾಯಿ ಮುಚ್ಚಿಸಿದಂತಾಗುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಧರ್ಮಪುರಿ, ಕೃಷ್ಣಗಿರಿಗಳ ಕಡೆಯಿಂದ ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಸಂಸಾರ ಸಹಿತ ಹೋಗಿ ಬರುವವರು ನಮ್ಮ ನಡುವೆ ಇದ್ದಾರೆ. ಆ ಮಕ್ಕಳಿಗೆ ಗಂಟುಮೂಟೆಯ ಭಾರ, ಕಾಲಿನ ನೋವು, ಸಾಲಗಾರನ ದನಿ, ಮರಳಿ ಬಂದಾಗಿನ ಮನೆಯ ವಾಸನೆ ಇವೆಲ್ಲ ಪುಸ್ತಕದ ಮಾತುಗಳಲ್ಲ. ಅವರ ಮುಂದೆ ಈ ಎರಡು ಕಾವ್ಯಗಳನ್ನೂ ಜೊತೆಯಾಗಿ ಇಟ್ಟರೆ, ಒಂದು ಭಾಷೆ ತರಗತಿಯದು, ಇನ್ನೊಂದು ಮನೆಯದು ಎಂಬ ಗೋಡೆ ಸ್ವಲ್ಪ ತಗ್ಗೀತು. ತಮ್ಮ ದಾರಿಯೂ ಕಾವ್ಯಕ್ಕೆ ತಕ್ಕ ದಾರಿಯೇ ಎಂಬ ನಂಬಿಕೆ ಹುಟ್ಟೀತು.

ಈ ತುಲನೆಗೆ ಸೇರಬೇಕಾದ ಮೂರನೆಯ ಸಾಮಗ್ರಿಯೊಂದಿದೆ. ಸೇಲಂ, ಧರ್ಮಪುರಿ ಜಿಲ್ಲೆಗಳಿಂದ ಮೆಟ್ಟೂರಿನ ಮೇಲೆ, ಪಾಲಾರಿನ ಮೇಲೆ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಹೋಗಿ ಬರುವ ಸಂಸಾರಗಳು ತಲೆತಲಾಂತರದಿಂದ ನಡೆದುಕೊಂಡು ಬಂದಿವೆ. ಮಾದಪ್ಪನ ಕಥೆಯನ್ನು ಕಂಸಾಳೆಯವರು ಕನ್ನಡದಲ್ಲಿ ಹಾಡುತ್ತಾರೆ. ಕೇಳುವವರಲ್ಲಿ ತಮಿಳು ಮಾತಾಡುವವರೂ ಉಂಟು. ಬೆಟ್ಟದಿಂದ ಮರಳಿದವರು ಮನೆಯ ಮುಂದೆ ಏನು ಹಾಡಿಕೊಳ್ಳುತ್ತಾರೆ, ತಂದ ಪ್ರಸಾದವನ್ನು ಯಾರು ಯಾರಿಗೆ ಯಾವ ಮಾತು ಹೇಳಿ ಹಂಚುತ್ತಾರೆ ಎಂಬುದನ್ನು ಊರೂರಿನಲ್ಲಿರುವ ಉಪಾಧ್ಯಾಯರು ತಮ್ಮ ತಮ್ಮ ಊರಿನ ಮಟ್ಟಿಗೆ ಕೇಳಿ ಬರೆದಿಟ್ಟರೆ ಸಾಕು. ಮಲೈಪಡುಕಡಾಂನ ಹಾಡುಗಾರನು ದಾರಿ ಕೂಡುವ ಕಡೆ ಕಟ್ಟಲು ಹೇಳಿದ ಹುಲ್ಲಿನ ಗಂಟು ಅಂಥದೇ ಒಂದು ಗುರುತು. ನಮ್ಮ ಕೈಗೆ ಎಟುಕುವ ಕೆಲಸವೂ ಅಷ್ಟೇ.